ದೇವರ ವಿಳಾಸ ಯಾವುದು, ನೆಲವೋ ಬೂದಿಯೋ?

ಸಿಂಗಪುರದ ಸರ್ಕಾರಿ ವಸತಿ ಕಟ್ಟಡವೊಂದರ ಹನ್ನೆರಡನೇ ಮಹಡಿ. ಉದ್ದನೆಯ ಓಣಿಯಂಥ ವರಾಂಡ, ಸಾಲಾಗಿ ಬಾಗಿಲುಗಳು, ಬಾಗಿಲ ಪಕ್ಕ ಚಪ್ಪಲಿ ಗೂಡು, ಒಣಗಲು ಹಾಕಿದ ಬಟ್ಟೆ, ಮಕ್ಕಳ ಸೈಕಲ್. ಅಲ್ಲಲ್ಲಿ ಬಾಗಿಲಿನ ಚೌಕಟ್ಟಿಗೆ ಕೆಂಪು ಬಣ್ಣದ ಪುಟ್ಟ ತಗಡಿನ ಡಬ್ಬಿಯೊಂದು ತೂಗುತ್ತಿರುತ್ತದೆ. ಡಬ್ಬಿಯಲ್ಲಿ ಬೂದಿ, ಬೂದಿಯಲ್ಲಿ ನೆಟ್ಟ ಮೂರು ಊದುಬತ್ತಿ. ಅದು ಆಕಾಶದ ಒಡೆಯನಾದ ಜೇಡ್ ಚಕ್ರವರ್ತಿಗೆ. ಕೆಳಗೆ ನೆಲಕ್ಕೆ ತಾಗಿದಂತೆ ಇನ್ನೊಂದು ಗೂಡು. ಅದು ಭೂಮಿಯ ದೇವರಿಗೆ. ಭೂಮಿಯಿಂದ ನೂರಡಿ ಎತ್ತರದಲ್ಲಿ, ಕಾಂಕ್ರೀಟಿನ ಮೇಲೆ, ಲಿಫ್ಟಿನ ಪಕ್ಕ ಕುಳಿತ ಭೂಮಿಯ ದೇವರು.

ನೋಡಿ ಕಿರುನಗೆ ಬಂದರೆ ತಪ್ಪೇನಿಲ್ಲ. ಆದರೆ ಊರು ಕಾಯುವ ದೇವರಿಗೆ ಊರೇ ಇಲ್ಲದಂತಾದರೆ ಆತ ಏನು ಮಾಡಬೇಕು ಎಂಬ ಪ್ರಶ್ನೆ ನಗುವಂಥದ್ದಲ್ಲ. ಹಳ್ಳಿ ಅಳಿದು ಬಡಾವಣೆ ಬಂತು, ಬಡಾವಣೆಯ ಅಂಚಿಗೆ ಮೆಟ್ರೊ ಬಂತು. ಗುಡಿಗೆಂದು ಸರ್ಕಾರ ಕೊಡುವ ನಿವೇಶನದ ಗುತ್ತಿಗೆ 30 ವರ್ಷಕ್ಕೆ ಮುಗಿಯುತ್ತದೆ. ಭೂಮಿಯ ದೇವರೇ ಬಾಡಿಗೆದಾರ. ಪೂರ್ವ ಏಷ್ಯಾದ ಮಹಾನಗರಗಳಲ್ಲಿ ಚೀನೀಯರ ತಾವೋ ಧರ್ಮದ ಗುಡಿಗಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಭಕ್ತಿ ಹೆಚ್ಚಿತೋ ತಗ್ಗಿತೋ ಎಂಬಲ್ಲಿಂದ ಶುರುಮಾಡುತ್ತಾರೆ. ನನಗೆ ಆ ಲೆಕ್ಕ ಎರಡನೆಯದು. ಮೊದಲ ಲೆಕ್ಕ ಜಾಗದ್ದು, ಹೊಗೆಯದ್ದು, ಕೆಲಸಕ್ಕೆ ನಿಲ್ಲುವ ಕೈಗಳದ್ದು.

ತಾವೋ ಎಂದೊಡನೆ ಕನ್ನಡದ ಓದುಗರಿಗೆ ಹೊಳೆಯುವುದು ಲಾವೋತ್ಸೆ. ನೀರಿನಂತೆ ಹರಿ, ಸುಮ್ಮನಿರು ಎನ್ನುವ ಮಾತು. ಆ ನೆನಪಿನಲ್ಲಿ ತಾವೋ ಗುಡಿಯೊಂದರ ಬಾಗಿಲು ದಾಟಿದವರು ಬೆಚ್ಚುತ್ತಾರೆ. ಅಲ್ಲಿ ಗದ್ದಲ, ಕಣ್ಣುರಿಸುವ ಹೊಗೆ, ಮೊಹರು ಒತ್ತಿದ ಅರ್ಜಿಗಳು, ಗೋಡೆಯ ತುಂಬ ದಾನಿಗಳ ಹೆಸರು ಮತ್ತು ಮೊತ್ತ. ದೇವರುಗಳು ಇಲ್ಲಿ ಬಹುಮಟ್ಟಿಗೆ ಅಧಿಕಾರಿಗಳು. ಬೀದಿಯ ಮಟ್ಟದಲ್ಲಿ ತುದಿಗೊಂಗ್, ಅಂದರೆ ಭೂಮಿಯ ದೇವರು. ನಮ್ಮ ಹಳೆಯ ಲೆಕ್ಕದಲ್ಲಿ ಹಳ್ಳಿಯ ಪಟೇಲ. ಪಟ್ಟಣದ ಮಟ್ಟದಲ್ಲಿ ಚೆಂಗ್‌ಹುವಾಂಗ್, ಅಂದರೆ ನಗರದೇವರು; ಅವನು ಅಮಲ್ದಾರ. ಎಲ್ಲರ ಮೇಲೆ ಜೇಡ್ ಚಕ್ರವರ್ತಿ. ಶಾಂಘೈ ನಗರದ ಚೆಂಗ್‌ಹುವಾಂಗ್ ಆದ ಚಿನ್ ಯುಬೊ 14ನೇ ಶತಮಾನದಲ್ಲಿ ಬಾಳಿದ ವಿದ್ವಾಂಸ. ಮಿಂಗ್ ವಂಶದ ಮೊದಲ ದೊರೆ ಕರೆದಾಗಲೆಲ್ಲ ಚಾಕರಿಗೆ ಬರಲು ಹಿಂದೇಟು ಹಾಕುತ್ತಿದ್ದನಂತೆ. ಅವನು ಸತ್ತ ಮೇಲೆ ದೊರೆ, ಬದುಕಿದ್ದಾಗ ಕೈಗೆ ಸಿಗದವನು ಈಗಲಾದರೂ ನನ್ನ ನೆಲ ಕಾಯಲಿ ಎಂದು ಆ ಹುದ್ದೆಗೆ ನೇಮಿಸಿದ ಎಂಬ ಕಥೆಯಿದೆ. ಸತ್ತರೂ ತಪ್ಪದ ಸರ್ಕಾರಿ ನೌಕರಿ.

ಅಧಿಕಾರಿ ಎಂದ ಮೇಲೆ ಅವನಿಗೊಂದು ಹದ್ದು, ಅಂದರೆ ಗಡಿ, ಇರಬೇಕು. ಈ ಬೀದಿಯ ತುದಿಗೊಂಗ್‌ಗೂ ಆಚೆ ಬೀದಿಯ ತುದಿಗೊಂಗ್‌ಗೂ ಹೆಸರು ಒಂದೇ, ಗಡ್ಡವೂ ಒಂದೇ, ಆದರೆ ವ್ಯಾಪ್ತಿ ಬೇರೆ. ಆಧುನಿಕ ನಗರ ಕೈಯಿಟ್ಟದ್ದು ಈ ಹದ್ದಿನ ಮೇಲೆ.

ಸಿಂಗಪುರದಲ್ಲಿ ಇದು ನಡೆದ ವೇಗ ಬೇರೆಲ್ಲೂ ಇಲ್ಲ ಎನ್ನಬಹುದು. 1960ರಲ್ಲಿ ವಸತಿ ಮಂಡಳಿ ಹುಟ್ಟಿತು, 1966ರಲ್ಲಿ ಭೂಸ್ವಾಧೀನ ಕಾಯಿದೆ ಬಂತು. ಕಂಪೊಂಗ್ ಎಂದು ಕರೆಯುತ್ತಿದ್ದ ತಗಡಿನ ಮಾಡಿನ, ತೆಂಗಿನ ನೆರಳಿನ ಹಳ್ಳಿಗಳು ಒಂದೆರಡು ದಶಕದಲ್ಲಿ ಮಾಯವಾದವು. ಇಂದು ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಸರ್ಕಾರಿ ಫ್ಲ್ಯಾಟುಗಳಲ್ಲಿದ್ದಾರೆ. ಕಂಪೊಂಗಿಗೊಂದರಂತೆ, ಕೆಲವೊಮ್ಮೆ ಎರಡು ಮೂರರಂತೆ ಇದ್ದ ಸಣ್ಣ ಗುಡಿಗಳಿಗೆ ಪರಿಹಾರ ಸಿಕ್ಕಿತು. ಆದರೆ ಹೊಸ ಬಡಾವಣೆಯಲ್ಲಿ ಧಾರ್ಮಿಕ ನಿವೇಶನ ಪಡೆಯಲು ಬೇಕಾದ ಹಣದ ಮುಂದೆ ಆ ಪರಿಹಾರ ಎಲ್ಲಿಗೂ ಸಾಲುತ್ತಿರಲಿಲ್ಲ. ಬಹುಕಾಲ ಚೀನೀ ಗುಡಿಗಳ ನಿವೇಶನಗಳನ್ನು ಟೆಂಡರ್ ಕರೆದು ಕೊಡುತ್ತಿದ್ದರು. ಹೆಚ್ಚು ಕೂಗಿದವರಿಗೆ ನೆಲ. ಮಸೀದಿ ಕಟ್ಟಲು ಒಂದು ಕೇಂದ್ರೀಯ ಮಂಡಳಿಯಿತ್ತು. ಹಿಂದೂ ದತ್ತಿ ಮಂಡಳಿಯೂ ಇತ್ತು. ತಾವೋ ಗುಡಿಗಳಿಗೆ ಅಂಥ ಹಿರಿಯ ಸಂಸ್ಥೆ ಇರಲಿಲ್ಲ. ಸಿಂಗಪುರದ ತಾವೋ ಒಕ್ಕೂಟ ಹುಟ್ಟಿದ್ದೇ 1990ರಲ್ಲಿ. ಅಷ್ಟು ಹೊತ್ತಿಗೆ ಕಂಪೊಂಗುಗಳ ಕಥೆ ಮುಗಿಯುತ್ತ ಬಂದಿತ್ತು. ಸರ್ಕಾರದ ನಿಯಮ ಎಲ್ಲರಿಗೂ ಸಮವೇ ಇರಬಹುದು. ತಲೆಗೊಬ್ಬ ಯಜಮಾನ, ಗುಡಿಗೊಂದು ಸಮಿತಿ ಎಂದು ಚದುರಿಕೊಂಡವರ ಮೇಲೆ ಸಮ ನಿಯಮದ ಭಾರ ಸಮವಾಗಿ ಬೀಳುವುದಿಲ್ಲ.

ಇದಕ್ಕೆ ಜನ ಕಂಡುಕೊಂಡ ಉಪಾಯವೇ ಜಂಟಿ ಗುಡಿ. ನಾಲ್ಕೈದು ಗುಡಿಗಳವರು, ಕೆಲವೆಡೆ ಹತ್ತಕ್ಕೂ ಹೆಚ್ಚು ಗುಡಿಗಳವರು, ಪರಿಹಾರದ ಹಣವನ್ನು ಕೂಡಿಸಿ ಒಂದೇ ನಿವೇಶನ ಹಿಡಿದರು. ಟೊವಾ ಪಾಯೊ ಬಡಾವಣೆಯ ಐದು ಗುಡಿಗಳ ಕೂಟ ಇಂಥ ಮೊದಲ ಪ್ರಯೋಗಗಳಲ್ಲಿ ಒಂದು, 1970ರ ದಶಕದ್ದು. ತಾಂಪಿನೀಸ್‌ನಲ್ಲಿ ಹತ್ತಕ್ಕೂ ಹೆಚ್ಚು ಗುಡಿಗಳು ಒಂದೇ ಸೂರಿನಡಿ ಬಂದವು. ಹೊರಗಿನಿಂದ ನೋಡಿದರೆ ಒಂದೇ ಮಾಡು, ಮಾಡಿನ ಮೇಲೆ ಹೊರಳುವ ಡ್ರ್ಯಾಗನ್, ಒಂದೇ ಹೆಬ್ಬಾಗಿಲು. ಒಳಗೆ ಹೋದರೆ ಇದು ಒಟ್ಟು ಕುಟುಂಬವಲ್ಲ, ಪಾಲಾದ ಅಣ್ಣತಮ್ಮಂದಿರ ಮನೆ ಎಂದು ಗೊತ್ತಾಗುತ್ತದೆ. ಒಂದೊಂದು ದೇವರ ಗುಂಪಿಗೂ ಅದರದೇ ವೇದಿಕೆ, ಅದರದೇ ಸಮಿತಿ, ಅದರದೇ ಲೆಕ್ಕದ ಪುಸ್ತಕ, ಅದರದೇ ಹಬ್ಬದ ದಿನ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದು ಗುಡಿಯ ಮುಂದೆಯೂ ಅದರದೇ ಧೂಪಪಾತ್ರೆ. ದೇವರ ಮೂರ್ತಿಗಳನ್ನು ಪಕ್ಕಪಕ್ಕ ಕೂರಿಸಲು ಒಪ್ಪಿದವರು ಬೂದಿಯನ್ನು ಬೆರೆಸಲು ಒಪ್ಪಲಿಲ್ಲ.

ಈ ಹಟವನ್ನು ಸಣ್ಣತನ ಎಂದುಕೊಳ್ಳಬಾರದು. ಗುಡಿಯ ಜೀವ ಇರುವುದೇ ಆ ಪಾತ್ರೆಯಲ್ಲಿ. ಫುಜಿಯಾನ್, ಗುವಾಂಗ್‌ಡಾಂಗ್ ಕರಾವಳಿಯಿಂದ ಹಡಗು ಹತ್ತಿದವರು ಊರ ಗುಡಿಯ ಧೂಪಪಾತ್ರೆಯಿಂದ ಒಂದು ಚಿಟಿಕೆ ಬೂದಿಯನ್ನು ಚೀಲದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದರು. ಹೊಸ ನೆಲ ತಲುಪಿದ ಮೇಲೆ ಅದನ್ನು ಹೊಸ ಪಾತ್ರೆಗೆ ಹಾಕಿ ಊದುಬತ್ತಿ ನೆಟ್ಟರೆ ಊರ ದೇವರು ಇಲ್ಲಿಗೂ ಬಂದ ಎಂದೇ ಲೆಕ್ಕ. ಇದಕ್ಕೆ ಫೆನ್‌ಶಿಯಾಂಗ್ ಎನ್ನುತ್ತಾರೆ, ಧೂಪವನ್ನು ಪಾಲು ಮಾಡುವುದು ಎಂದರ್ಥ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಮನೆಯ ಮೊಸರಿನಿಂದ ಇನ್ನೊಂದು ಮನೆಯ ಮೊಸರು. ಮೂಲ ಪಾತ್ರೆ ಬರಿದಾಗುವುದಿಲ್ಲ, ಹೊಸದಕ್ಕೂ ಅದೇ ರುಚಿ. ಮಗಳು ತವರಿಗೆ ಹೋಗುವಂತೆ ಹೊಸ ಗುಡಿಯವರು ಆಗಾಗ ಮೂಲ ಗುಡಿಗೆ ಹೋಗಿ ಬೂದಿಯ ಶಕ್ತಿಯನ್ನು ಹೊಸದು ಮಾಡಿಕೊಂಡು ಬರುತ್ತಾರೆ. ಗುಡಿಯ ವರ್ಷದ ಉಸ್ತುವಾರಿಗೆ ಆಯ್ಕೆಯಾಗುವವನ ಹೆಸರೇ ಲೂಝೂ, ಧೂಪಪಾತ್ರೆಯ ಯಜಮಾನ. ಅವನನ್ನು ಆರಿಸುವುದು ಮತದಿಂದಲ್ಲ. ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ದೇವರ ಮುಂದೆ ಬೀಳಿಸುತ್ತಾರೆ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಒಪ್ಪಿಗೆ. ದೇವರ ಬಲಗಡೆಯಿಂದ ಹೂ ಬಿತ್ತೇ ಎಂದು ಕಾಯುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾಗಿ ನೆಲ ಕಳೆದುಕೊಂಡರೂ ಈ ದೇವರುಗಳು ಅನಾಥರಾಗಲಿಲ್ಲ. ಇವರು ಮೊದಲಿನಿಂದಲೂ ಸಂಚಾರಿಗಳೇ. ನಗರದ ನಡುವೆ ಉಳಿದುಕೊಂಡ ದೊಡ್ಡ ಗುಡಿಗಳ ಸ್ಥಿತಿಯೂ ಒಂದು ಬಗೆಯಲ್ಲಿ ವಲಸೆಯೇ, ಅವು ನಿಂತಲ್ಲೇ ನಿಂತಿದ್ದರೂ. ತೆಲೊಕ್ ಆಯರ್ ಬೀದಿಯ ಥಿಯನ್ ಹಾಕ್ ಕೆಂಗ್ ಗುಡಿ 1842ರಲ್ಲಿ ಪೂರ್ಣಗೊಂಡಾಗ ಕಡಲು ಅದರ ಕಾಲಬುಡದಲ್ಲಿತ್ತು. ಹಡಗಿನಿಂದ ಇಳಿದವರು ನೇರವಾಗಿ ಬಂದು ಕಡಲದೇವಿ ಮಾಝುಗೆ ಕೈಮುಗಿಯುತ್ತಿದ್ದರು. ಆಮೇಲೆ ಕಡಲಿಗೆ ಮಣ್ಣು ಸುರಿದು ನೆಲ ಮಾಡಿದರು. ದಡ ದೂರ ಸರಿಯಿತು, ಈಗ ಮಾಝು ನೋಡುವುದು ಕಚೇರಿ ಕಟ್ಟಡಗಳ ಗಾಜನ್ನು. ಅದೇ ಬೀದಿಯ ಫುಕ್ ತಕ್ ಚಿ ಗುಡಿ 1820ರ ದಶಕದ್ದು, ಭೂಮಿಯ ದೇವರದ್ದು. ಅದು 1998ರಿಂದ ಪುಟ್ಟ ವಸ್ತುಸಂಗ್ರಹಾಲಯ. ಕಟ್ಟಡವನ್ನು ಅಚ್ಚುಕಟ್ಟಾಗಿ ಕಾಪಾಡಿದ್ದಾರೆ, ಬಾಗಿಲು ತೆರೆದಿರುತ್ತದೆ, ಪ್ರವೇಶಕ್ಕೆ ಹಣವಿಲ್ಲ. ಹೊಗೆ ಮಾತ್ರ ಇಲ್ಲ. ನೆಲ ಉಳಿದು ಬೂದಿ ಹೋದರೆ ಏನಾಗುತ್ತದೆ ಎಂಬುದನ್ನು ನೋಡಬೇಕೆನ್ನುವವರು ಅಲ್ಲಿ ಹತ್ತು ನಿಮಿಷ ನಿಲ್ಲಬಹುದು.

ಎಲ್ಲರೂ ಸುಮ್ಮನೆ ಜಾಗ ಬಿಟ್ಟುಕೊಟ್ಟರು ಎಂದಲ್ಲ. ಬಾರ್ಟ್ಲಿ ಮೆಟ್ರೊ ನಿಲ್ದಾಣದ ಆಸುಪಾಸಿನ ಜಿನ್ ಲಾಂಗ್ ಸಿ ಗುಡಿಯ ನೆಲವನ್ನು 2003ರಲ್ಲಿ ಸರ್ಕಾರ ಸ್ವಾಧೀನಕ್ಕೆ ತೆಗೆದುಕೊಂಡಿತು. ಬೌದ್ಧ, ತಾವೋ, ಕನ್ಫ್ಯೂಷಿಯನ್ ಮೂರೂ ಬೆರೆತ ಗುಡಿ ಅದು, ಅಂಗಳದಲ್ಲಿ ಹಳೆಯ ಅರಳಿ ಮರ. ಭಕ್ತರು ನ್ಯಾಯಾಲಯಕ್ಕೆ ಹೋದರು. ಅವರ ವಾದ ಸರಳವಾಗಿತ್ತು: ಅದೇ ಪ್ರದೇಶದಲ್ಲಿ ರಾಮಕೃಷ್ಣ ಮಿಷನ್ ಇದೆ, ಒಂದು ಚರ್ಚ್ ಇದೆ, ಅವನ್ನು ಬಿಟ್ಟು ನಮ್ಮದನ್ನೇ ಏಕೆ ತೆಗೆದುಕೊಂಡಿರಿ? ಸಂವಿಧಾನ ಹೇಳುವ ಸಮಾನತೆ ಎಲ್ಲಿ? 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಕಾನೂನಿನ ಪುಸ್ತಕಗಳಲ್ಲಿ ಆ ತೀರ್ಪು ಸಮಾನತೆಯ ವಿಧಿಯ ವ್ಯಾಖ್ಯಾನವಾಗಿ ಉಳಿದಿದೆ. ಗುಡಿಯವರ ಪಾಲಿಗೆ ಅದರ ಅರ್ಥ ಒಂದೇ, ಗಂಟುಮೂಟೆ ಕಟ್ಟುವುದು.

ಟೆಂಡರಿಗೂ ಕೈ ಎಟುಕದ, ಜಂಟಿಗೂ ಒಗ್ಗದ ಗುಡಿಗಳು ಎಲ್ಲಿಗೆ ಹೋದವು? ಕೆಲವು ಫ್ಲ್ಯಾಟಿನ ಹಾಲ್‌ಗೆ ಬಂದವು. ವಾಸಕ್ಕೆ ಕೊಟ್ಟ ಮನೆಯಲ್ಲಿ ಸಾರ್ವಜನಿಕ ಪೂಜೆ ನಡೆಸುವಂತಿಲ್ಲ ಎಂಬುದು ನಿಯಮ. ಆದರೂ ಮೈಮೇಲೆ ದೇವರು ಬರುವ ಮಧ್ಯಸ್ಥರು ವಾರಕ್ಕೆರಡು ಸಂಜೆ ಹೇಳಿಕೆ ಕೊಡುವ ಮನೆಗಳು ಇದ್ದೇ ಇವೆ. ಇನ್ನು ಕೆಲವು ಕೈಗಾರಿಕಾ ಕಟ್ಟಡಗಳಲ್ಲಿ ಮಳಿಗೆ ಬಾಡಿಗೆಗೆ ಹಿಡಿದವು, ಗ್ಯಾರೇಜು, ಪೀಠೋಪಕರಣದ ಗೋದಾಮುಗಳ ನಡುವೆ.

ಜಾಗವೇನೋ ಸಿಕ್ಕಿತು, ಆದರೆ ಗುಡಿಯ ಸ್ವಭಾವ ಬದಲಾಯಿತು. ಹಿಂದೆ ಗುಡಿಯ ಸುತ್ತ ಇದ್ದವರೆಲ್ಲ ಅದರ ಒಕ್ಕಲು. ಆ ಕಂಪೊಂಗಿನಲ್ಲಿ ಹುಟ್ಟಿದ್ದೇ ಸದಸ್ಯತ್ವ. ಈಗ ಒಕ್ಕಲು ದ್ವೀಪದ ಮೂಲೆ ಮೂಲೆಗೆ ಹಂಚಿಹೋಗಿದೆ. ಹಬ್ಬದ ದಿನ ಮೆಟ್ರೊ ಹತ್ತಿ, ಎರಡು ಬಸ್ ಬದಲಿಸಿ ಬರುತ್ತಾರೆ. ಗುಡಿಯ ಪಕ್ಕದ ಕಟ್ಟಡದಲ್ಲಿರುವವರಿಗೆ ಆ ದೇವರು ಯಾರೆಂದೇ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಕಿಟಕಿಯಿಂದ ಒಳಬರುವ ಹೊಗೆ ಮತ್ತು ತಮಟೆಯ ಸದ್ದು.

30 ವರ್ಷದ ಗುತ್ತಿಗೆ ಎಂದರೆ ತಲೆಮಾರಿಗೊಮ್ಮೆ ಗುಡಿಯನ್ನು ಮತ್ತೆ ಕೊಳ್ಳುವುದು. ಆ ಹಣ ಎಲ್ಲಿಂದ? ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ, ಅಲೆಯುವ ಆತ್ಮಗಳಿಗೆ ಎಡೆ ಇಡುವ ಕಾಲದಲ್ಲಿ, ಬಡಾವಣೆಯ ಮೈದಾನಗಳಲ್ಲಿ ಶಾಮಿಯಾನ ಹಾಕಿ ಭೋಜನಕೂಟ ನಡೆಸುತ್ತಾರೆ. ಊಟದ ನಡುವೆ ಮೈಕಿನಲ್ಲಿ ಸವಾಲು ಶುರುವಾಗುತ್ತದೆ. ಮದ್ಯದ ಬಾಟಲಿ, ಅಕ್ಕಿಯ ಡಬ್ಬಿ, ದೇವರ ಸಣ್ಣ ಮೂರ್ತಿ, ಜೊತೆಗೆ ಕೆಂಪು ರಿಬ್ಬನ್ ಕಟ್ಟಿದ ಒಂದು ಇದ್ದಿಲ ತುಂಡು. ಅದರ ಹೆಸರು ವೂ ಜಿನ್, ಕಪ್ಪು ಚಿನ್ನ. ಒಲೆಗೆ ಹಾಕುವ ಇದ್ದಿಲೇ, ಆದರೆ ಮನೆಯಲ್ಲಿಟ್ಟರೆ ವರ್ಷವಿಡೀ ವ್ಯಾಪಾರ ಕುದುರುತ್ತದೆ ಎಂಬ ನಂಬಿಕೆ. ಅದು ಸಾವಿರಾರು ಡಾಲರಿಗೆ ಹೋಗುತ್ತದೆ. ಕೂಗಿದವರು ಆಗಲೇ ಹಣ ಎಣಿಸಬೇಕಿಲ್ಲ, ಮುಂದಿನ ವರ್ಷದ ಊಟದ ಹೊತ್ತಿಗೆ ಕೊಟ್ಟರಾಯಿತು. ಅಂದರೆ ದೇವರು ಕೊಟ್ಟ ಲಾಭದಿಂದಲೇ ದೇವರ ಸಾಲ ತೀರಿಸುವುದು. ನಮ್ಮ ಗಣೇಶೋತ್ಸವದ ಸವಾಲನ್ನು ಕಂಡವರಿಗೆ ಈ ಹುಮ್ಮಸ್ಸೂ ಗೊತ್ತು, ಮರುವರ್ಷ ವಸೂಲಿಯ ಪಾಡೂ ಗೊತ್ತು.

ಇನ್ನು ಜನಗಣತಿ. 1980ರಲ್ಲಿ ಸಿಂಗಪುರದ ನಿವಾಸಿಗಳಲ್ಲಿ ಶೇ 30ರಷ್ಟು ಮಂದಿ ತಾವೋ ಅಥವಾ ಚೀನೀ ಸಂಪ್ರದಾಯದವರೆಂದು ಬರೆಸಿದ್ದರು. 2000ದಲ್ಲಿ ಅದು ಶೇ 8.5. 2010ರಲ್ಲಿ ಶೇ 10.9ಕ್ಕೆ ಏರಿ 2020ರಲ್ಲಿ ಶೇ 8.8ಕ್ಕೆ ಬಂತು. ಈ ಅಂಕಿಗಳನ್ನು ಓದಿ ಧರ್ಮವೇ ಕರಗಿತು ಎನ್ನುವುದು ಸುಲಭ. ಕರಗಿದ್ದು ನಿಜ, ಆದರೆ ಒಂದಷ್ಟು ಭಾಗ ಕರಗಿದ್ದು ಹೆಸರು. 1984ರಿಂದ ಕೆಲವು ವರ್ಷ ಅಲ್ಲಿನ ಪ್ರೌಢಶಾಲೆಗಳಲ್ಲಿ ಧಾರ್ಮಿಕ ಜ್ಞಾನ ಕಡ್ಡಾಯ ವಿಷಯವಾಗಿತ್ತು. ಬೈಬಲ್, ಬೌದ್ಧ, ಇಸ್ಲಾಂ, ಹಿಂದೂ, ಸಿಖ್ ಅಧ್ಯಯನ, ಕನ್ಫ್ಯೂಷಿಯನ್ ನೀತಿ ಎಲ್ಲ ಆ ಪಟ್ಟಿಯಲ್ಲಿದ್ದವು. ತಾವೋ ಇರಲಿಲ್ಲ. ಮನೆಯಲ್ಲಿ ತುದಿಗೊಂಗ್‌ಗೆ ಊದುಬತ್ತಿ ಹಚ್ಚುವ ಹುಡುಗ ಶಾಲೆಯಲ್ಲಿ ಬೌದ್ಧ ಅಧ್ಯಯನದ ಪರೀಕ್ಷೆ ಬರೆದ. ಆಧುನಿಕ ಶಾಲೆಗೆ ಧರ್ಮವೆಂದರೆ ಒಬ್ಬ ಸ್ಥಾಪಕ, ಒಂದು ಗ್ರಂಥ, ಒಂದು ಪಠ್ಯಕ್ರಮ. ಅಜ್ಜಿ ಮಾಡುವುದು ಈ ಚೌಕಟ್ಟಿಗೆ ಸೇರಲಿಲ್ಲ, ಹಾಗಾಗಿ ಅದಕ್ಕೆ ಮೂಢನಂಬಿಕೆ ಎಂಬ ಹೆಸರು ಬಿತ್ತು. ದೊಡ್ಡವನಾದ ಮೇಲೆ ಅದೇ ಹುಡುಗ ಅದೇ ಗುಡಿಗೆ ಹೋಗಿ ಅದೇ ದೇವರಿಗೆ ಕೈಮುಗಿದು, ಗಣತಿಯವರು ಬಂದಾಗ ಬೌದ್ಧ ಎಂದು ಬರೆಸಿದರೆ ಆಶ್ಚರ್ಯವೇನು?

ಕಾಗದದ ಮೇಲಿನ ಈ ಗೆರೆಗಳಿಗೆ ಬೀದಿ ಸೊಪ್ಪು ಹಾಕುವುದಿಲ್ಲ. ವಾಟರ್ಲೂ ಬೀದಿಯಲ್ಲಿ ಕರುಣೆಯ ದೇವಿ ಗುವಾನ್‌ಯಿನ್ ಗುಡಿಯೂ ಶ್ರೀಕೃಷ್ಣನ್ ದೇವಸ್ಥಾನವೂ ಹತ್ತಿರ ಹತ್ತಿರ ಇವೆ. ಗುವಾನ್‌ಯಿನ್ ದರ್ಶನ ಮುಗಿಸಿದ ಚೀನೀ ಭಕ್ತರು ನಾಲ್ಕು ಹೆಜ್ಜೆ ನಡೆದು ಕೃಷ್ಣನ ಬಾಗಿಲಲ್ಲೂ ಊದುಬತ್ತಿ ಹಚ್ಚಿ ಬಾಗುತ್ತಾರೆ. ದೇವಸ್ಥಾನದವರು ಅವರಿಗಾಗಿ ಹೊರಗೆ ಧೂಪಪಾತ್ರೆ ಇಟ್ಟಿದ್ದಾರೆ. ದ್ವೀಪದ ಪೂರ್ವ ತುದಿಯಲ್ಲಿರುವ ಲೊಯಾಂಗ್ ತುವಾ ಪೆಕ್ ಕಾಂಗ್ ಗುಡಿಯ ಕಥೆ ಇನ್ನೂ ಸೊಗಸು. 1980ರ ದಶಕದಲ್ಲಿ ಕಡಲದಂಡೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಬೇರೆ ಬೇರೆ ಧರ್ಮಗಳ ಮೂರ್ತಿಗಳನ್ನು ಕೆಲವು ಗೆಳೆಯರು ಆಯ್ದು ತಂದು ಒಂದು ಗುಡಿಸಲಲ್ಲಿ ಇಟ್ಟರು. 1996ರಲ್ಲಿ ಬೆಂಕಿ ಬಿದ್ದು ಎಲ್ಲ ಸುಟ್ಟಿತು. ಮತ್ತೆ ಕಟ್ಟಿದರು, 2007ರಲ್ಲಿ ಈಗಿನ ದೊಡ್ಡ ಜಾಗಕ್ಕೆ ಬಂದರು. ಅಲ್ಲಿ ತಾವೋ, ಬೌದ್ಧ ದೇವರುಗಳ ಜೊತೆ ನಮ್ಮ ಗಣಪತಿಗೂ ಸನ್ನಿಧಿಯಿದೆ, ಮಲಯ ನೆಲದ ಕಾವಲುಗಾರನಾದ ದಾತುಕ್‌ಗೂ ಗುಡಿಯಿದೆ. ದಾತುಕ್ ಮುಸ್ಲಿಂ ಎಂಬ ನಂಬಿಕೆ, ಹಾಗಾಗಿ ಅವನ ಮುಂದೆ ಹಂದಿಮಾಂಸ ಇಡುವುದಿಲ್ಲ. ಪಠ್ಯಕ್ರಮ ಬರೆಯುವವರು ಇದನ್ನು ಯಾವ ಅಧ್ಯಾಯಕ್ಕೆ ಸೇರಿಸುತ್ತಾರೋ ತಿಳಿಯದು.

ನೆಲ ಹೋದಾಗ ಬೂದಿ ದೇವರನ್ನು ಹೊತ್ತು ನಡೆಯಿತು, ಸರಿ. ಬೂದಿಯೇ ಬೇಡ ಎಂದರೆ?

ತೈವಾನಿನ ತೈಪೆ ನಗರದ ಶಿಂಗ್‌ತಿಯನ್ ಗುಡಿಯಲ್ಲಿ 2014ರ ಆಗಸ್ಟ್ 26ರಂದು ಹಾಗೇ ಆಯಿತು. ಆದೇಶ ಬಂದದ್ದು ಸರ್ಕಾರದಿಂದಲ್ಲ, ಗುಡಿಯ ಆಡಳಿತದಿಂದಲೇ. ಯೋಧದೇವ ಗುವಾನ್ ಯು ಇಲ್ಲಿನ ಮುಖ್ಯ ದೇವರು. ತೈಪೆಯ ಅತ್ಯಂತ ಜನನಿಬಿಡ ಗುಡಿಗಳಲ್ಲಿ ಇದೊಂದು. ಮೊದಲಿನಿಂದಲೂ ಸ್ವಲ್ಪ ಕಟ್ಟುನಿಟ್ಟು. ಕಾಣಿಕೆ ಹುಂಡಿ ಇಲ್ಲ, ದೇವರಿಗೆಂದು ಕಾಗದದ ನಕಲಿ ನೋಟು ಸುಡುವುದಿಲ್ಲ, ಮಾಂಸದ ಎಡೆ ಇಲ್ಲ. ಅಂದು ಧೂಪಪಾತ್ರೆಗಳನ್ನೂ ಎಡೆ ಇಡುವ ಮೇಜುಗಳನ್ನೂ ಎತ್ತಿಬಿಟ್ಟರು. ಕಾರಣ ಗಾಳಿ. ಊದುಬತ್ತಿಯ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳಿವೆ, ಬೆಂಜೀನ್ ಇದೆ. ದಿನವಿಡೀ ಅಲ್ಲೇ ನಿಲ್ಲುವ ಸ್ವಯಂಸೇವಕರ ಎದೆಗೂಡಿನ ಲೆಕ್ಕ ಯಾರಾದರೂ ಇಡಬೇಕಲ್ಲ. ಮನಸ್ಸಿನ ಧೂಪವೇ ಸಾಕು, ಎರಡು ಕೈ ಜೋಡಿಸಿ ಎಂದರು. ಗುಡಿಯ ಹೊರಗೆ ಊದುಬತ್ತಿ, ಹೂವು, ಅಕ್ಕಿಯ ಸಿಹಿತಿಂಡಿ ಮಾರುತ್ತಿದ್ದವರ ವ್ಯಾಪಾರ ರಾತ್ರೋರಾತ್ರಿ ಕುಸಿಯಿತು. ಪರಿಸರದ ಹೆಸರಿನಲ್ಲಿ ಆಗುವ ಒಳ್ಳೆಯ ಕೆಲಸಗಳ ಬಿಲ್ಲು ಮೊದಲು ಹೋಗುವುದು ಬುಟ್ಟಿ ಹಿಡಿದು ಕೂತವರ ಬಳಿಗೇ.

ಆ ಗುಡಿಯಲ್ಲಿ ಶೌಜಿಂಗ್ ಎಂಬ ಸೇವೆಯಿದೆ, ಬೆಚ್ಚಿಬಿದ್ದದ್ದನ್ನು ಬಿಡಿಸುವುದು. ಕಡುನೀಲಿ ನಿಲುವಂಗಿ ತೊಟ್ಟ ಹಿರಿಯ ಹೆಂಗಸರು ಸಾಲಾಗಿ ನಿಂತಿರುತ್ತಾರೆ. ರಾತ್ರಿ ಕಿಟಾರನೆ ಕಿರುಚುವ ಮಗುವನ್ನು ಎತ್ತಿಕೊಂಡ ತಾಯಿ, ಪರೀಕ್ಷೆ ಮುಂದಿರುವ ವಿದ್ಯಾರ್ಥಿ, ಟೈ ಕಟ್ಟಿದ ಕಚೇರಿ ನೌಕರ ಎಲ್ಲರೂ ಸಾಲಿನಲ್ಲಿ. ಸರದಿ ಬಂದಾಗ ಹೆಸರು ಹೇಳಬೇಕು. ಆಕೆ ಮೆಲ್ಲನೆ ಏನನ್ನೋ ಪಠಿಸುತ್ತ ತಲೆಯಿಂದ ಭುಜಕ್ಕೆ, ಎದೆಯಿಂದ ಬೆನ್ನಿಗೆ ಕೈಯಾಡಿಸುತ್ತಾಳೆ. ಒಂದೆರಡು ನಿಮಿಷ ಅಷ್ಟೇ. ದುಡ್ಡಿಲ್ಲ. ನಮ್ಮಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸುವ ಅಜ್ಜಿ ಇಡೀ ನಗರಕ್ಕೆ ಸಿಕ್ಕಂತೆ. 2014ಕ್ಕೆ ಮುಂಚೆ ಆ ಕೈಯಲ್ಲಿ ಹೊತ್ತಿಸಿದ ಊದುಬತ್ತಿ ಇರುತ್ತಿತ್ತು, ಈಗ ಬರಿಗೈ. ಆದರೂ ಸಾಲು ಕರಗಲಿಲ್ಲ. ಇಲ್ಲಿ ನನ್ನ ವಾದವೇ ಸ್ವಲ್ಪ ಅಲುಗಾಡುತ್ತದೆ ಎಂದು ಒಪ್ಪಿಕೊಳ್ಳಬೇಕು. ಬೂದಿಯಿಲ್ಲದೆಯೂ ದೊಡ್ಡ ಗುಡಿ ನಡೆಯುತ್ತದೆ. ಆದರೆ ಆ ಗುಡಿಗೆ ಹೆಸರಿದೆ, ನೆಲವಿದೆ, ನೂರಾರು ಸ್ವಯಂಸೇವಕರಿದ್ದಾರೆ. ಇರುವುದೆಲ್ಲ ಒಂದು ಪಾತ್ರೆ ಬೂದಿ ಮಾತ್ರ ಎನ್ನುವ ಗುಡಿಗಳಿಗೆ ಈ ಮಾದರಿ ಎಟುಕುವುದಿಲ್ಲ.

ಆ ಭಯ ಬೀದಿಗೂ ಬಂತು. 2017ರಲ್ಲಿ ಊದುಬತ್ತಿ, ಕಾಗದದ ನೋಟು, ಪಟಾಕಿಗಳನ್ನು ಸರ್ಕಾರ ನಿಷೇಧಿಸುತ್ತದೆ ಎಂಬ ಮಾತು ತೈವಾನಿನಾದ್ಯಂತ ಹರಡಿತು. ಅಂಥ ಯೋಚನೆಯಿಲ್ಲ, ಕಡಿಮೆ ಮಾಡಿ ಎಂದಷ್ಟೇ ಕೇಳುತ್ತಿದ್ದೇವೆ ಎಂದು ಸರ್ಕಾರ ಹೇಳಿದರೂ ಯಾರೂ ಕೇಳಲಿಲ್ಲ. ಜುಲೈ 23ರಂದು ಹಲವಾರು ಗುಡಿಗಳವರು ದೇವರನ್ನು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು, ತಮಟೆ ಜಾಗಟೆ ಬಾರಿಸುತ್ತ, ತೈಪೆಯ ಅಧ್ಯಕ್ಷೀಯ ಕಚೇರಿಯ ಮುಂದಿನ ಹೆದ್ದಾರಿಗೆ ಬಂದಿಳಿದರು. ಅಧಿಕಾರಿಗಳಂತಿರುವ ದೇವರುಗಳು ಅಧಿಕಾರಿಗಳನ್ನು ಕಾಣಲು ಬಂದ ಆ ದೃಶ್ಯ ಮೆರವಣಿಗೆಯೂ ಹೌದು, ಪ್ರತಿಭಟನೆಯೂ ಹೌದು.

ಹಾಂಗ್‌ಕಾಂಗಿನ ವಾಂಗ್ ತಾಯ್ ಸಿನ್ ಗುಡಿಯದು ಇನ್ನೊಂದು ದಾರಿ. ಅದನ್ನು ನಡೆಸುವ ಸಿಕ್ ಸಿಕ್ ಯೂನ್ ಸಂಸ್ಥೆ 1921ರದು. ಮೊದಲಿಗೆ ಅದು ಸದಸ್ಯರಿಗಷ್ಟೇ ತೆರೆದ ಖಾಸಗಿ ಸ್ಥಳ. 1956ರಲ್ಲಿ ವಸತಿ ಯೋಜನೆಗಾಗಿ ಸರ್ಕಾರ ಆ ಜಾಗವನ್ನು ವಾಪಸು ಕೇಳಿತು. ಆಗ ತುಂಗ್ ವಾ ಎಂಬ ಹಳೆಯ ಧರ್ಮಾರ್ಥ ಆಸ್ಪತ್ರೆ ಸಂಸ್ಥೆಯ ಅಧ್ಯಕ್ಷರು ನಡುವೆ ಬಂದು ಮಾತಾಡಿದರು. ಗುಡಿಯನ್ನು ಸಾರ್ವಜನಿಕರಿಗೆ ತೆರೆಯುವುದು, ಒಬ್ಬೊಬ್ಬರಿಂದ ಹತ್ತು ಸೆಂಟ್ ಪ್ರವೇಶ ಶುಲ್ಕ ಪಡೆಯುವುದು, ಆ ಹಣ ತುಂಗ್ ವಾಗೆ ಸೇರುವುದು ಎಂದಾಯಿತು. ಜಾಗ ಉಳಿಯಿತು. ಸುತ್ತಲೂ ವಸತಿ ಕಟ್ಟಡಗಳೆದ್ದವು, ಅವುಗಳ ಜನವೇ ಭಕ್ತರಾದರು, ಕೊನೆಗೆ ಇಡೀ ಜಿಲ್ಲೆಗೂ ಮೆಟ್ರೊ ನಿಲ್ದಾಣಕ್ಕೂ ಅದೇ ದೇವರ ಹೆಸರು ಬಂತು. ನಗರ ನಿನ್ನಿಂದ ನನಗೇನು ಲಾಭ ಎಂದು ಕೇಳಿದಾಗ ದೇವರ ಕಡೆಯವರು ಸರಿಯಾದ ಹೊತ್ತಿಗೆ ಕೊಟ್ಟ ಉತ್ತರ ಅದು: ಆಸ್ಪತ್ರೆ. 2011ರಲ್ಲಿ ಅದೇ ಗುಡಿ ನೆಲದಡಿಯಲ್ಲಿ ಒಂದು ಭವ್ಯ ಸಭಾಂಗಣ ತೆರೆಯಿತು. ಅಲ್ಲಿ 60 ವರ್ಷಗಳ ಚಕ್ರಕ್ಕೆ 60 ತಾಯ್ ಸುಯ್ ದೇವತೆಗಳು. ನಮ್ಮ ಪ್ರಭವ, ವಿಭವ ಸಂವತ್ಸರಗಳಿಗೆ ಒಬ್ಬೊಬ್ಬ ಅಧಿಪತಿ ಇದ್ದಂತೆ. ಅವರ ನಡುವೆ ನಕ್ಷತ್ರಗಳ ತಾಯಿ ದೌಮು. ಆಕೆಯ ರೂಪದಲ್ಲಿ ಭಾರತದಿಂದ ಬೌದ್ಧರ ಜೊತೆ ಹೋದ ಮರೀಚಿ ದೇವಿಯ ಛಾಯೆಯಿದೆ. ಚಾವಣಿಯಲ್ಲಿ ವಿದ್ಯುದ್ದೀಪದ ನಕ್ಷತ್ರಲೋಕ. ಮೇಲೆ ಜಾಗವಿಲ್ಲದಿದ್ದರೆ ಕೆಳಗೆ ಅಗೆಯಬಹುದು, ಹಣವಿದ್ದರೆ.

ಚೀನಾದ ಒಳಗಿನ ಕಥೆ ಬೇರೆಯೇ ಲೇಖನ ಬೇಡುತ್ತದೆ. ಒಂದೆರಡು ಮಾತು ಸಾಕು. ಸಾಂಸ್ಕೃತಿಕ ಕ್ರಾಂತಿಯ ಬಳಿಕ 1983ರಲ್ಲಿ ಸರ್ಕಾರ ರಾಷ್ಟ್ರೀಯ ಮಹತ್ವದ್ದೆಂದು ಮತ್ತೆ ತೆರೆಯಲು ಪಟ್ಟಿಮಾಡಿದ್ದು ಬಹುಸಂಖ್ಯಾತ ಹಾನ್ ಜನರ ಪ್ರದೇಶದ 142 ಬೌದ್ಧ ಮಂದಿರಗಳನ್ನು ಮತ್ತು ಬರೀ 21 ತಾವೋ ಗುಡಿಗಳನ್ನು. ಶಾಂಘೈನ ಚೆಂಗ್‌ಹುವಾಂಗ್ ಬಹುಕಾಲ ಅಂಗಡಿಗೆ ಜಾಗ ಬಿಟ್ಟುಕೊಟ್ಟು 1990ರ ದಶಕದಲ್ಲಿ ಮರಳಿ ಬಂದ. ಸುತ್ತ ಇಂದಿಗೂ ಸಂತೆ. 2017ರಲ್ಲಿ ಹನ್ನೆರಡು ಸರ್ಕಾರಿ ಇಲಾಖೆಗಳು ಸೇರಿ ಬೌದ್ಧ ಮತ್ತು ತಾವೋ ಧರ್ಮಗಳ ವ್ಯಾಪಾರೀಕರಣವನ್ನು ತಡೆಯುವ ಸೂಚನೆ ಹೊರಡಿಸಿದವು. ಅಷ್ಟರ ನಡುವೆ 2023ರ ಸುಮಾರಿಗೆ ಗುಡಿಗಳ ಮುಂದೆ ಯುವಜನರ ಸಾಲು ಬೆಳೆಯಿತು. ಕೆಲಸಕ್ಕೆ ಹೋಗುವುದು, ಏಳಿಗೆಗೆ ದುಡಿಯುವುದು, ಧೂಪ ಹಚ್ಚುವುದು, ಈ ಮೂರೂ ಚೀನೀ ಭಾಷೆಯಲ್ಲಿ ಶುರುವಾಗುವುದು ಶಾಂಗ್ ಎಂಬ ಒಂದೇ ಪದದಿಂದ. ಮೊದಲೆರಡರ ನಡುವೆ ನಾವು ಮೂರನೆಯದನ್ನು ಆರಿಸಿಕೊಂಡೆವು ಎಂಬ ಚಟಾಕಿ ಅಲ್ಲಿನ ಮೊಬೈಲುಗಳಲ್ಲಿ ಓಡಾಡಿತು. ಕೆಲಸ ಸಿಗದ ಪೀಳಿಗೆಯ ನಗು ಅದು, ಭಕ್ತಿಯ ಅಲೆ ಎಂದು ಸಂಭ್ರಮಿಸುವವರು ಸ್ವಲ್ಪ ತಡೆದು ನೋಡಬೇಕು. ಊದುಬತ್ತಿ ಹಚ್ಚಿ ಹೋಗುವವರು ಬೇಕಾದಷ್ಟು ಸಿಗುತ್ತಾರೆ. ವರ್ಷವಿಡೀ ಪಾತ್ರೆಯ ಹೊಣೆ ಹೊರುವ ಲೂಝೂ ಆಗಲು ಯಾರು ಬರುತ್ತಾರೆ? ಸಿಂಗಪುರದ ಗುಡಿಗಳ ಸಮಿತಿಗಳಲ್ಲಿ ಕೂತವರ ತಲೆಗೂದಲು ನೋಡಿದರೆ ಗುತ್ತಿಗೆಗಿಂತ ಇದೇ ದೊಡ್ಡ ಚಿಂತೆ ಎನಿಸುತ್ತದೆ.

ಆದರೂ ದೇವರ ಹುಟ್ಟುಹಬ್ಬದ ದಿನ ಸಿಂಗಪುರದ ರಸ್ತೆಗಳಲ್ಲಿ ಈಗಲೂ ಊರು ಸುತ್ತುವ ಮೆರವಣಿಗೆ ಹೊರಡುತ್ತದೆ. ಹಿಂದೆ ಅದು ಕಂಪೊಂಗಿನ ಗಡಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಇಲ್ಲಿಯವರೆಗೆ ನನ್ನ ಹದ್ದು ಎಂದು ದೇವರು ತೋರಿಸುವ ಕ್ರಮವಾಗಿತ್ತು. ಈಗ ಪರವಾನಗಿ ಪಡೆದು, ಬಣ್ಣಬಣ್ಣದ ದೀಪ ಮಿನುಗುವ ಪಲ್ಲಕ್ಕಿಯನ್ನು ಲಾರಿಗೆ ಏರಿಸುತ್ತಾರೆ. ಮಡಿಲಲ್ಲಿ ಧೂಪಪಾತ್ರೆ ಹಿಡಿದವರೊಬ್ಬರು ಪಕ್ಕದಲ್ಲಿ ಕೂರುತ್ತಾರೆ. ಲಾರಿ ಈ ಬಡಾವಣೆಯ ಒಂದು ಗೆಳೆಯ ಗುಡಿಗೆ, ಆ ಬಡಾವಣೆಯ ಇನ್ನೊಂದಕ್ಕೆ, ನಡುವೆ ಹಳೆಯ ಒಕ್ಕಲಿನ ಯಾರದೋ ಕಟ್ಟಡದ ಬುಡಕ್ಕೆ ಹೋಗುತ್ತದೆ. ಅಲ್ಲಿ ಲಿಫ್ಟಿನಿಂದ ಇಳಿದು ಬಂದ ಮುದುಕಿಯೊಬ್ಬಳು ಊದುಬತ್ತಿ ಹಚ್ಚಿ ಪಾತ್ರೆಗೆ ನೆಡುತ್ತಾಳೆ. ಲಾರಿ ಮುಂದಿನ ಸಿಗ್ನಲ್ಲಿನಲ್ಲಿ ಹಸಿರು ದೀಪಕ್ಕಾಗಿ ಕಾಯುತ್ತದೆ.